ಪಾದ ಉರಿಗೆ ಬೆನ್ನಿನ ನೆಟಿಗೆ ತೆಗೆಸಬೇಕೇ? ಕೈರೋಪ್ರಾಕ್ಟಿಕ್, ಮಾತ್ರೆ, ಫಿಸಿಯೋಥೆರಪಿ: ಯಾವುದು ಯಾರಿಗೆ

ನಮ್ಮ ದೊಡ್ಡಮ್ಮನಿಗೆ ಈಗ 67 ವರ್ಷ. ಊರು ಅರಸೀಕೆರೆ ಹತ್ತಿರ. ಶುಗರ್ ಬಂದು ಹದಿನಾರು ವರ್ಷ ಆಯ್ತು. ಮೂರು ವರ್ಷದ ಹಿಂದೆ ಒಂದು ರಾತ್ರಿ ಫೋನ್ ಮಾಡಿ, "ಪಾದಕ್ಕೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಆಗುತ್ತೆ ಮಗಾ. ಹೊದಿಕೆ ಸೋಕಿದ್ರೂ ತಡೆಯಕ್ಕಾಗಲ್ಲ" ಅಂದರು. ಹಗಲು ಹೊತ್ತು ಪಾದ ಮರಗಟ್ಟಿರುತ್ತಿತ್ತು. ನಡೆಯುವಾಗ ಚಪ್ಪಲಿ ಜಾರಿಹೋದರೂ ಗೊತ್ತಾಗುತ್ತಿರಲಿಲ್ಲ. ರಾತ್ರಿಯಾದರೆ ಉರಿ.

ಆ ವಾರದಲ್ಲೇ ಸಲಹೆಗಳು ಬಂದವು. ನ್ಯೂಜೆರ್ಸಿಯಲ್ಲಿರುವ ಅವರ ಮಗ ಒಂದು ವಿಡಿಯೋ ಕಳಿಸಿದ. ಅಲ್ಲಿನ ಕೈರೋಪ್ರಾಕ್ಟರ್ ಒಬ್ಬರು ಬೆನ್ನು ಒತ್ತಿ ನೆಟಿಗೆ ತೆಗೆದು, "ನರಗಳು ಮತ್ತೆ ಚಿಗುರುತ್ತವೆ" ಎನ್ನುತ್ತಿದ್ದರು. ಪಕ್ಕದ ಮನೆಯವರು ಬಿ ಕಾಂಪ್ಲೆಕ್ಸ್ ಸಾಕು ಎಂದರು. ಮೆಡಿಕಲ್ ಶಾಪಿನವರು ಒಂದು ಸ್ಟ್ರಿಪ್ ಮಾತ್ರೆ ಕೊಟ್ಟರು. ಎಣ್ಣೆ ತಿಕ್ಕಿಸಿ ಎಂದವರೂ ಇದ್ದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಸೇರುತ್ತಿರಲಿಲ್ಲ.

ಅವರನ್ನು ಕರೆದುಕೊಂಡು ಓಡಾಡಿದವಳು ನಾನು. ಓದಿದ್ದನ್ನು, ವೈದ್ಯರಿಂದ ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಪಾದ ಉರಿ, ಜೋಮು, ಸೂಜಿ ಚುಚ್ಚಿದ ಹಾಗೆ ಎನ್ನುವವರು ಇರಬಹುದು. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಲೆಕ್ಕದಲ್ಲಿ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ದಿನ ನರದ ತೊಂದರೆ ಬರುತ್ತದೆ.

ತೊಂದರೆ ಪೈಪಿನ ಯಾವ ತುದಿಯಲ್ಲಿದೆ?

ಯಾವ ಚಿಕಿತ್ಸೆ ಎಂದು ಕೇಳುವ ಮುಂಚೆ ಇದೊಂದು ಗೊತ್ತಾಗಬೇಕು. ನನಗೆ ಇದನ್ನು ಅರ್ಥ ಮಾಡಿಸಿದ್ದು ದೊಡ್ಡಮ್ಮನ ತೆಂಗಿನ ತೋಟದ ಡ್ರಿಪ್ ಪೈಪು.

ಬೆನ್ನುಮೂಳೆಯ ಹತ್ತಿರ ಹೊರಡುವ ನರ ಕಾಲ್ಬೆರಳ ತುದಿಯವರೆಗೆ ಹೋಗುತ್ತದೆ. ಸುಮಾರು ಒಂದು ಮೀಟರ್ ಉದ್ದ. ತೋಟದಲ್ಲಿ ಮೋಟಾರಿನ ಹತ್ತಿರವೇ ಪೈಪಿನ ಮೇಲೆ ಕಲ್ಲು ಕೂತರೆ ಆ ಸಾಲಿಗೆಲ್ಲ ನೀರು ಕಡಿಮೆಯಾಗುತ್ತದೆ. ಕಲ್ಲು ಸರಿಸಿದರೆ ಸರಿಹೋಗುತ್ತದೆ. ಬೆನ್ನಿನ ಡಿಸ್ಕ್ ಜಾರಿ ನರ ಒತ್ತಿಕೊಂಡರೆ ಆಗುವುದು ಹೆಚ್ಚುಕಡಿಮೆ ಇದೇ. ಸಯಾಟಿಕಾ ಎನ್ನುತ್ತೇವಲ್ಲ, ಅದು.

ಇನ್ನೊಂದು ಥರದ ತೊಂದರೆಯೂ ಇದೆ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿಕೊಂಡು ಪೈಪಿನ ಕೊನೆಯ ಡ್ರಿಪ್ಪರ್‌ಗಳು ಮುಚ್ಚಿಹೋಗುತ್ತವೆ. ಮೊದಲು ಒಣಗುವುದು ಕೊನೆಯ ಗಿಡ, ಆಮೇಲೆ ಅದರ ಹಿಂದಿನದು. ಪೆರಿಫೆರಲ್ ನ್ಯೂರೋಪತಿ ಅಂದರೆ ಹೀಗೆ. ಸಕ್ಕರೆ ಜಾಸ್ತಿಯಾಗಿ ನರದ ಎಳೆಗಳೂ, ಆ ನರಕ್ಕೆ ಊಟ ಕೊಡುವ ಸಣ್ಣ ರಕ್ತನಾಳಗಳೂ ಹಾಳಾಗುತ್ತಾ ಬರುತ್ತವೆ. ಅತಿ ಉದ್ದದ ನರಕ್ಕೆ ಮೊದಲ ಪೆಟ್ಟು. ಅದಕ್ಕೇ ಎರಡೂ ಕಾಲಿನ ಬೆರಳುಗಳಲ್ಲಿ ಶುರುವಾಗಿ, ಸಾಕ್ಸ್ ಹಾಕಿಕೊಂಡ ಹಾಗೆ ಮೇಲೆ ಏರುತ್ತದೆ. ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳಿನ ತುದಿಯಲ್ಲೂ ಜೋಮು ಕಾಣಿಸಿಕೊಳ್ಳುತ್ತದೆ. ಇಲ್ಲಿ ಮೋಟಾರಿನ ಹತ್ತಿರ ಎಷ್ಟು ಒತ್ತಿ ತಿಕ್ಕಿದರೂ ಕೊನೆಯ ಡ್ರಿಪ್ಪರ್ ತೆರೆಯುವುದಿಲ್ಲ.

ಮನೆಯಲ್ಲೇ ಒಂದಿಷ್ಟು ಅಂದಾಜು ಮಾಡಬಹುದು. ಒಂದೇ ಕಾಲು, ಸೊಂಟದಿಂದ ಅಥವಾ ಪಿರ್ರೆಯಿಂದ ಶಾಕ್ ಹೊಡೆದ ಹಾಗೆ ಕೆಳಗಿಳಿಯುವ ನೋವು, ಬಗ್ಗಿದರೆ, ಕೆಮ್ಮಿದರೆ, ಜಾಸ್ತಿ ಹೊತ್ತು ಕೂತರೆ ಹೆಚ್ಚಾಗುವುದು: ಇದು ಬೆನ್ನಿನ ಕಡೆ ಕೈ ತೋರಿಸುತ್ತದೆ. ಎರಡೂ ಪಾದ ಒಟ್ಟಿಗೆ, ಬೆರಳಿನಿಂದ ಶುರು, ರಾತ್ರಿ ಜಾಸ್ತಿ, ಹತ್ತಿಯ ಮೇಲೆ ನಡೆದ ಹಾಗೆ ಅನ್ನಿಸುವುದು, ಮುಖ ತೊಳೆಯಲು ಕಣ್ಣು ಮುಚ್ಚಿದರೆ ತೂರಾಡುವುದು: ಇದು ನ್ಯೂರೋಪತಿಯ ಲಕ್ಷಣ. ಎರಡೂ ಒಟ್ಟಿಗೇ ಇರುವವರೂ ಇದ್ದಾರೆ. ದೊಡ್ಡಮ್ಮನಿಗೆ ಆಗಿದ್ದೇ ಅದು. ಅದನ್ನು ಕಂಡುಹಿಡಿಯಲು ನಮಗೆ ಎಂಟು ತಿಂಗಳು ಬೇಕಾಯಿತು.

ನಾವು ಮೊದಲು ಮಾಡಿದ ತಪ್ಪು

ಮಗ ಹಟ ಹಿಡಿದ. ಬೆಂಗಳೂರಿನ ಒಂದು ಕೈರೋಪ್ರಾಕ್ಟಿಕ್ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಚೆನ್ನಾಗಿ ಮಾತಾಡಿಸಿದರು. ಎಕ್ಸ್‌ರೇ ತೆಗೆದು, ಬೆನ್ನುಮೂಳೆ ಜರುಗಿದೆ ಎಂದರು. 24 ಸಿಟ್ಟಿಂಗ್‌ಗಳ ಪ್ಯಾಕೇಜು, ಹಣ ಮುಂಚೆಯೇ. ನಾನೂ ಕಟ್ಟಿದೆ.

ಮೊದಲ ವಾರ ದೊಡ್ಡಮ್ಮನಿಗೆ ಬೆನ್ನು ಹಗುರವಾಯಿತು. ಅದು ನಿಜ. ಆದರೆ ಪಾದದ ಉರಿ ಹಾಗೇ ಇತ್ತು. ಒಂಬತ್ತು ಸಿಟ್ಟಿಂಗ್ ಆದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಅಷ್ಟು ದಿನದಲ್ಲಿ ಯಾರೂ ಅವರ ಪಾದವನ್ನು ಮುಟ್ಟಿ ನೋಡಿರಲಿಲ್ಲ. ಬಿ12 ಎಷ್ಟಿದೆ ಎಂದು ಕೇಳಿರಲಿಲ್ಲ.

ಆಮೇಲೆ ನರರೋಗ ತಜ್ಞರ ಹತ್ತಿರ ಹೋದೆವು. ಅವರು ಮಾಡಿದ ಮೊದಲ ಕೆಲಸ ಸಾಕ್ಸ್ ತೆಗೆಸಿದ್ದು. ಮೀನಿನ ಗಾಳದ ದಾರದಂಥ ಸಣ್ಣ ನೈಲಾನ್ ಎಳೆಯನ್ನು ಪಾದದ ಬೇರೆ ಬೇರೆ ಜಾಗಕ್ಕೆ ಒತ್ತಿ, "ಗೊತ್ತಾಗುತ್ತಾ ಅಮ್ಮ?" ಎಂದು ಕೇಳಿದರು. ಅದಕ್ಕೆ ಮೊನೋಫಿಲಮೆಂಟ್ ಎನ್ನುತ್ತಾರೆ. ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. 128 ಹರ್ಟ್ಸ್‌ನ ಶ್ರುತಿಕವೆಯನ್ನು ಹೆಬ್ಬೆರಳಿನ ಮೂಳೆಗೆ ಇಟ್ಟು ನೋಡಿದರು. ಹಿಮ್ಮಡಿಯ ಹಿಂದೆ ಸುತ್ತಿಗೆ ತಟ್ಟಿದರು. ಹತ್ತು ನಿಮಿಷವೂ ಆಗಲಿಲ್ಲ. ಆ ಗಾಳದ ದಾರ ದೊಡ್ಡಮ್ಮನಿಗೆ ಹೆಚ್ಚಿನ ಕಡೆ ಗೊತ್ತೇ ಆಗಲಿಲ್ಲ. ಆಗ ಅವರ ಮುಖ ನೋಡಲು ನನಗೆ ಕಷ್ಟವಾಯಿತು.

ರಕ್ತ ಪರೀಕ್ಷೆಯಲ್ಲಿ ಬಿ12 ತುಂಬಾ ಕಡಿಮೆ ಇತ್ತು. ದೊಡ್ಡಮ್ಮ ಸಸ್ಯಾಹಾರಿ. ಹತ್ತಾರು ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದಾರೆ. ಆ ಮಾತ್ರೆ ತುಂಬಾ ವರ್ಷ ತೆಗೆದುಕೊಂಡರೆ ದೇಹ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಮೆಟ್‌ಫಾರ್ಮಿನ್ ಒಳ್ಳೆಯ ಮಾತ್ರೆ, ನೀವಾಗಿಯೇ ಬಿಡಬೇಡಿ. ಆದರೆ ಅದನ್ನು ತೆಗೆದುಕೊಳ್ಳುವವರು ಆಗಾಗ ಬಿ12 ನೋಡಿಸಿಕೊಳ್ಳಬೇಕು. ಇದೊಂದು ವಾಕ್ಯಕ್ಕಾಗಿಯಾದರೂ ಈ ಬರಹವನ್ನು ಮನೆಯವರಿಗೆ ಓದಿ ಹೇಳಿ.

ಯಾರ ಹತ್ತಿರ ಹೋಗುವುದಾದರೂ ಮುಂಚೆ ಆಗಬೇಕಾದ ಪರೀಕ್ಷೆ

ಪಾದ ಮರಗಟ್ಟಲು ಶುಗರ್ ಒಂದೇ ಕಾರಣ ಅಲ್ಲ. ಬಿ12 ಕೊರತೆ, ಥೈರಾಯ್ಡ್, ಕಿಡ್ನಿ ತೊಂದರೆ, ಕುಡಿತ, ಕ್ಯಾನ್ಸರಿನ ಕೀಮೋ, ಟಿಬಿಗೆ ಕೊಡುವ ಐಸೋನಿಯಾಜಿಡ್ ಮಾತ್ರೆ, ಎಚ್‌ಐವಿ, ವಂಶದಲ್ಲಿ ಬರುವ ಕೆಲವು ಕಾಯಿಲೆಗಳು, ಇಷ್ಟೆಲ್ಲ ಇವೆ. ನಮ್ಮಲ್ಲಿ ಕುಷ್ಠವನ್ನೂ ಮರೆಯಬಾರದು. ಸ್ಪರ್ಶ ಗೊತ್ತಾಗದ ಬಿಳಿಚಿದ ಮಚ್ಚೆ ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಔಷಧ ಪೂರ್ತಿ ಉಚಿತ. ಬೇಗ ಶುರು ಮಾಡಿದರೆ ನರ ಉಳಿಯುತ್ತದೆ.

ಹಾಗಾಗಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಬಿ12, ಟಿಎಸ್‌ಎಚ್ (ಥೈರಾಯ್ಡ್), ಕ್ರಿಯಾಟಿನಿನ್ (ಕಿಡ್ನಿ), ರಕ್ತದ ಕೌಂಟ್ ನೋಡಿಸಿ. ಇನ್ನೂ ಏನು ಬೇಕೋ ವೈದ್ಯರು ಹೇಳುತ್ತಾರೆ. ನರಗಳ ವೇಗ ನೋಡುವ ಎನ್‌ಸಿಎಸ್ ಎಂಬ ಪರೀಕ್ಷೆ ಎಲ್ಲರಿಗೂ ಬೇಕಾಗುವುದಿಲ್ಲ. ಒಂದು ಮಾತು ನೆನಪಿಡಿ: ಅತಿ ಸಣ್ಣ ನರಗಳಿಗೆ ಮಾತ್ರ ಪೆಟ್ಟು ಬಿದ್ದಿದ್ದರೆ ಎನ್‌ಸಿಎಸ್ ರಿಪೋರ್ಟ್ ನಾರ್ಮಲ್ ಎಂದೇ ಬರುತ್ತದೆ. "ರಿಪೋರ್ಟ್ ಸರಿ ಇದೆ, ಎಲ್ಲಾ ನಿನ್ನ ಮನಸ್ಸಿನದ್ದು" ಎಂದು ಉರಿಯಲ್ಲಿ ಒದ್ದಾಡುತ್ತಿರುವವರಿಗೆ ಯಾರೂ ಹೇಳಬಾರದು.

ಬೆಂಗಳೂರಿಗೆ ಬರಲು ಆಗುವವರಿಗೆ ನಿಮ್ಹಾನ್ಸ್ ಇದೆ. ಸರ್ಕಾರದ ಕರ್ನಾಟಕ ಎಂಡೋಕ್ರೈನಾಲಜಿ ಸಂಶೋಧನಾ ಸಂಸ್ಥೆಯಲ್ಲಿ ಸಕ್ಕರೆ ಕಾಯಿಲೆಯವರ ಪಾದಕ್ಕೇ ಬೇರೆ ವಿಭಾಗ ಇದೆ. ಊರಿನಲ್ಲೇ ಇರುವವರು ನಿಮ್ಮ ಶುಗರ್ ಡಾಕ್ಟರನ್ನು ಕೇಳಿ ಗಾಳದ ದಾರದ ಪರೀಕ್ಷೆ ಮಾಡಿಸಿಕೊಳ್ಳಿ. ಅದಕ್ಕೆ ದೊಡ್ಡ ಯಂತ್ರ ಬೇಡ.

ಕೈರೋಪ್ರಾಕ್ಟಿಕ್: ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಈ ಪದ್ಧತಿ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ. ಶುರು ಮಾಡಿದವರು ಡಿ.ಡಿ. ಪಾಮರ್. ಬೆನ್ನುಮೂಳೆಯ ಕೊಂಡಿ ಸ್ವಲ್ಪ ಜರುಗಿದರೆ ನರಕ್ಕೆ ಅಡ್ಡಿಯಾಗುತ್ತದೆ, ಹೆಚ್ಚಿನ ಕಾಯಿಲೆಗಳಿಗೆ ಅದೇ ಮೂಲ ಎಂದು ಅವರು ನಂಬಿದ್ದರು. ಇವತ್ತು ಅಮೆರಿಕದ ಅನೇಕ ಕೈರೋಪ್ರಾಕ್ಟರ್‌ಗಳೇ ಆ ಮೂಲ ನಂಬಿಕೆಯನ್ನು ಬಿಟ್ಟಿದ್ದಾರೆ. ಬೆನ್ನು, ಕತ್ತು, ಕೀಲಿನ ನೋವಿಗೆ ಮಾತ್ರ ಕೆಲಸ ಮಾಡುತ್ತಾರೆ.

ನೆಟಿಗೆ ತೆಗೆದಾಗ ಬರುವ ಲಟ್ ಶಬ್ದ ಮೂಳೆ ಜಾಗಕ್ಕೆ ಕೂತ ಶಬ್ದ ಎಂದು ತುಂಬಾ ಜನ ತಿಳಿದಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಕೀಲಿನೊಳಗಿನ ದ್ರವದಲ್ಲಿ ಗಾಳಿ ಗುಳ್ಳೆ ಆಗುವ ಶಬ್ದ ಅದು. ಕೈಬೆರಳಿನ ನೆಟಿಗೆ ಮುರಿದಾಗಲೂ ಆಗುವುದು ಅದೇ. ಶಬ್ದ ಬಂದರೆ ಚಿಕಿತ್ಸೆ ಆಯಿತು ಎಂದಾಗಲಿ, ಬರದಿದ್ದರೆ ಆಗಲಿಲ್ಲ ಎಂದಾಗಲಿ ಇಲ್ಲ.

ಸೊಂಟ ನೋವಿಗೆ ಇದರಿಂದ ಉಪಯೋಗ ಇದೆ. ಅಮೆರಿಕದ ವೈದ್ಯರ ಸಂಘ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಸೊಂಟ ನೋವಿಗೆ ಮಾರ್ಗಸೂಚಿ ಕೊಟ್ಟಾಗ, ಮಾತ್ರೆಗಿಂತ ಮುಂಚೆ ನೋಡಬಹುದಾದ ದಾರಿಗಳಲ್ಲಿ ಬೆನ್ನುಮೂಳೆಯ ಕೈಚಿಕಿತ್ಸೆಯನ್ನೂ ಸೇರಿಸಿತು. ವ್ಯಾಯಾಮದಂಥ ಬೇರೆ ಚಿಕಿತ್ಸೆಗಳಿಗೆ ಹೋಲಿಸಿದರೆ ಹೆಚ್ಚುಕಡಿಮೆ ಅಷ್ಟೇ ಫಲ. ತುಂಬಾ ಮೇಲೂ ಅಲ್ಲ, ಕೀಳೂ ಅಲ್ಲ.

ಆದರೆ ಪಾದದ ನ್ಯೂರೋಪತಿಗೆ? ಇದ್ದಿದ್ದೆಲ್ಲ ಒಬ್ಬಿಬ್ಬರು ರೋಗಿಗಳ ವರದಿಗಳು, ಸಣ್ಣ ಪ್ರಯತ್ನಗಳು. ಶುಗರ್‌ನಿಂದ ಹಾಳಾದ ನರ ಬೆನ್ನು ಒತ್ತಿದ್ದರಿಂದ ಚಿಗುರಿತು ಎಂದು ತೋರಿಸಿದ ದೊಡ್ಡ, ಗಟ್ಟಿ ಪ್ರಯೋಗ ಇಲ್ಲ. ಪೈಪಿನ ಮಾತು ಇಲ್ಲಿ ನೆನಪಿಸಿಕೊಳ್ಳಿ. ಕಾರಣ ಇರುವುದು ಕೊನೆಯಲ್ಲಿ, ರಕ್ತದಲ್ಲಿ. ಒತ್ತುವುದು ಬೆನ್ನನ್ನು.

ಹಾಗಾದರೆ ನ್ಯೂರೋಪತಿ ಇರುವವರಿಗೆ ಅಲ್ಲಿ ಏನೂ ಇಲ್ಲವೇ? ಇದೆ. ಪಾದದ ಸ್ಪರ್ಶ ಹೋದವರು ನಡೆಯುವ ರೀತಿ ಬದಲಾಗುತ್ತದೆ. ಹೆಜ್ಜೆ ಎತ್ತಿ ಹಾಕುತ್ತಾರೆ, ಮೈ ಬಿಗಿ ಹಿಡಿಯುತ್ತಾರೆ. ಅದರಿಂದ ಸೊಂಟ, ಮೊಣಕಾಲು, ಹಿಮ್ಮಡಿಯ ಕೀಲು ಹಿಡಿದುಕೊಳ್ಳುತ್ತವೆ. ಆ ಬಿಗಿತ ಬಿಡಿಸಲು ನುರಿತ ಕೈ ನೆರವಾಗುತ್ತದೆ. ದೊಡ್ಡಮ್ಮನ ಬೆನ್ನು ಹಗುರವಾಗಿದ್ದು ಇದಕ್ಕೇ. ಇನ್ನೊಂದು ವಿಷಯವನ್ನೂ ಹೇಳಬೇಕು. ಅಲ್ಲಿ ಅವರ ಮಾತನ್ನು ಅರ್ಧ ಗಂಟೆ ಕೂತು ಕೇಳಿದರು. ಆಸ್ಪತ್ರೆಯ ಐದು ನಿಮಿಷದಲ್ಲಿ ಅದು ಸಿಗುವುದಿಲ್ಲ. ನೋವಿರುವವರಿಗೆ ಅದೂ ಬೇಕು, ಅಲ್ವಾ?

ಅಪಾಯದ ಮಾತು. ವಯಸ್ಸಾದವರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರಲ್ಲಿ ಮೂಳೆ ಸವೆದು ಟೊಳ್ಳಾಗಿರಬಹುದು. ಅಂಥವರ ಬೆನ್ನನ್ನು ಜೋರಾಗಿ ಒತ್ತಿದರೆ ಮೂಳೆ ಬಿರುಕು ಬಿಡಬಹುದು. ಕ್ಯಾನ್ಸರ್ ಮೂಳೆಗೆ ಹರಡಿದವರು, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಜೋರಾದ ಒತ್ತು ಹಾಕಿಸಿಕೊಳ್ಳಬಾರದು. ಕತ್ತನ್ನು ಥಟ್ಟನೆ ತಿರುಗಿಸಿದಾಗ ಮೆದುಳಿಗೆ ಹೋಗುವ ರಕ್ತನಾಳದ ಗೋಡೆ ಸೀಳಿ ಸ್ಟ್ರೋಕ್ ಆದ ಪ್ರಕರಣಗಳಿವೆ. ಅಪರೂಪ, ನಿಜ. ಆದರೆ ಪಾದದ ಉರಿಗೆ ಕತ್ತು ತಿರುಗಿಸಲು ಕಾರಣವೇ ಇಲ್ಲ. ಅಲ್ಲಿ "ಬೇಡ" ಎಂದು ಎದ್ದು ಬನ್ನಿ.

ಓದು, ಲೈಸೆನ್ಸಿನ ವಿಷಯದಲ್ಲಿ ಇಲ್ಲಿಗೂ ಅಲ್ಲಿಗೂ ವ್ಯತ್ಯಾಸ ಇದೆ. ಅಮೆರಿಕದ ಎಲ್ಲಾ ರಾಜ್ಯಗಳಲ್ಲೂ ಕೈರೋಪ್ರಾಕ್ಟರ್‌ಗೆ ಲೈಸೆನ್ಸ್ ಬೇಕು. ಬ್ರಿಟನ್ನಿನಲ್ಲಿ 1994ರ ಕಾನೂನಿನ ಪ್ರಕಾರ ಇದಕ್ಕೇ ಒಂದು ಕೌನ್ಸಿಲ್ ಇದೆ. ನಮ್ಮ ದೇಶದಲ್ಲಿ ಅಂಥ ಕೌನ್ಸಿಲ್ ಇಲ್ಲ. ಹೊರದೇಶದಲ್ಲಿ ವರ್ಷಗಟ್ಟಲೆ ಓದಿ ಬಂದವರೂ, ಕೆಲವೇ ದಿನ ಕಲಿತವರೂ ಒಂದೇ ಬೋರ್ಡು ಹಾಕಬಹುದು. ಎಲ್ಲಿ, ಎಷ್ಟು ವರ್ಷ ಓದಿದಿರಿ ಎಂದು ಸಂಕೋಚ ಇಲ್ಲದೆ ಕೇಳಿ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಸೂಚನೆ. ಅಲ್ಲಿ 65 ದಾಟಿದವರ ಮೆಡಿಕೇರ್, ಕೈರೋಪ್ರಾಕ್ಟರ್ ಕೈಯಿಂದ ಮಾಡುವ ಬೆನ್ನಿನ ಚಿಕಿತ್ಸೆಗೆ ಮಾತ್ರ ಹಣ ಕೊಡುತ್ತದೆ. "ನ್ಯೂರೋಪತಿ ಪ್ರೋಗ್ರಾಂ" ಎಂದು ಲೇಸರ್, ನಡುಗುವ ಹಲಗೆ, ವಿಟಮಿನ್ ಡಬ್ಬಗಳನ್ನು ಸೇರಿಸಿ ಮಾರಿದರೆ ಅದು ನಿಮ್ಮ ಜೇಬಿನಿಂದಲೇ.

ಮಾತ್ರೆ: ನಿದ್ದೆ ಕೊಡುತ್ತದೆ, ನರ ಬೆಳೆಸುವುದಿಲ್ಲ

ಉರಿ ಮತ್ತು ಚುಚ್ಚುವ ನೋವಿಗೆ ಗಟ್ಟಿ ಸಾಕ್ಷಿ ಇರುವುದು ಕೆಲವೇ ಔಷಧಗಳಿಗೆ. ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಮುಖ್ಯವಾದವು. 2022ರಲ್ಲಿ ಬ್ರಿಟನ್ನಿನ ಒಂದು ಪ್ರಯೋಗ ಇವುಗಳಲ್ಲಿ ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರಿಗ್ಯಾಬಲಿನ್ ಮೂರನ್ನೂ ಸಕ್ಕರೆ ಕಾಯಿಲೆಯ ನೋವಿರುವವರಿಗೆ ಕೊಟ್ಟು ನೋಡಿತು. ಯಾವುದರಿಂದ ಶುರು ಮಾಡಿದರೂ ನೋವು ಇಳಿದದ್ದು ಹೆಚ್ಚುಕಡಿಮೆ ಒಂದೇ. ಒಂದು ಸಾಲದವರಿಗೆ ಎರಡನೆಯದನ್ನು ಸೇರಿಸಿದಾಗ ಇನ್ನಷ್ಟು ಇಳಿಯಿತು. ಹಾಗಾಗಿ ಯಾವ ಮಾತ್ರೆ ಎನ್ನುವುದನ್ನು ನಿಮಗಿರುವ ಬೇರೆ ತೊಂದರೆ ನೋಡಿ ವೈದ್ಯರು ಆರಿಸುತ್ತಾರೆ. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಿಗೆ, ಹೃದಯದ ತೊಂದರೆ ಇರುವ ಯಾರಿಗೇ ಆದರೂ ಅಮಿಟ್ರಿಪ್ಟಿಲಿನ್ ಹೊಂದಿಕೆಯಾಗದೆ ಇರಬಹುದು. ಕಾಲು ಊದಿಕೊಳ್ಳುವವರಿಗೆ ಪ್ರಿಗ್ಯಾಬಲಿನ್ ಊತ ಹೆಚ್ಚಿಸಬಹುದು. ಲಿವರ್ ತೊಂದರೆ ಇದ್ದರೆ ಡುಲಾಕ್ಸೆಟಿನ್ ಬೇಡ. ಕೀಮೋದಿಂದ ಬಂದ ನೋವಾದರೆ, ಹೇಳಿಕೊಳ್ಳುವಂಥ ಆಧಾರ ಇರುವುದು ಡುಲಾಕ್ಸೆಟಿನ್ ಒಂದಕ್ಕೇ.

ಇವೆಲ್ಲ ತೂಕಡಿಕೆ, ತಲೆ ಸುತ್ತು ತರುತ್ತವೆ. ಅದಕ್ಕೇ ರಾತ್ರಿ, ಕಡಿಮೆ ಡೋಸಿನಿಂದ ಶುರು. ಕೆಲವು ವಾರ ಕಾಯಬೇಕು. ನೋವು ಅರ್ಧಕ್ಕೆ ಇಳಿದರೆ ಅದು ಒಳ್ಳೆಯ ಫಲ. ಥಟ್ಟನೆ ನಿಲ್ಲಿಸಬಾರದು. ಜನೌಷಧಿ ಕೇಂದ್ರದಲ್ಲಿ ಪ್ರಿಗ್ಯಾಬಲಿನ್ ಕಡಿಮೆ ಬೆಲೆಗೆ ಸಿಗುತ್ತದೆ. ಇವು ನೋವಿನ ಸದ್ದು ತಗ್ಗಿಸುತ್ತವೆ. ಮರಗಟ್ಟಿದ ಜಾಗಕ್ಕೆ ಸ್ಪರ್ಶ ಮರಳಿ ತರುವುದಿಲ್ಲ. ಜೋಮು ಮಾತ್ರ ಇದ್ದು ನೋವಿಲ್ಲದವರು ಇವನ್ನು ಸುಮ್ನೆ ನುಂಗುವುದರಲ್ಲಿ ಅರ್ಥವಿಲ್ಲ.

ನರ ಉಳಿಸುವ ಕೆಲಸ ಮಾಡುವುದು ಕಾರಣಕ್ಕೆ ಕೊಡುವ ಚಿಕಿತ್ಸೆ. ಬಿ12 ಇಲ್ಲದವರಿಗೆ ಬಿ12. ಕುಡಿಯುವವರಿಗೆ ಕುಡಿತ ಬಿಡುವುದು. ಶುಗರ್ ಇರುವವರಿಗೆ ಹಿಡಿತ. 1993ರ ಡಿಸಿಸಿಟಿ ಎಂಬ ಅಧ್ಯಯನದಲ್ಲಿ ಟೈಪ್ 1 ಶುಗರ್‌ನವರು ಬಿಗಿ ಹಿಡಿತ ಇಟ್ಟುಕೊಂಡಾಗ ನ್ಯೂರೋಪತಿ ಸುಮಾರು ಶೇ 60ರಷ್ಟು ಕಡಿಮೆಯಾಯಿತು. ಟೈಪ್ 2ರಲ್ಲಿ ಫಲ ಇಷ್ಟು ದೊಡ್ಡದಲ್ಲ, ಆದರೂ ಇದೆ. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಹನ್ನೆರಡು ಸಿಟ್ಟಿಂಗ್‌ನಲ್ಲಿ ವಾಸಿ ಎನ್ನುವವರಿಗೆ ಈ ಲೆಕ್ಕ ಹೇಳಿ.

ಮೆಡಿಕಲ್ ಶಾಪಿನ "ನರದ ಮಾತ್ರೆ"ಗಳ ಬಗ್ಗೆಯೂ ಎಚ್ಚರ. ಹಲವು ಬ್ರಾಂಡ್‌ಗಳಲ್ಲಿ ಬಿ6 ಇರುತ್ತದೆ. ಬಿ6 ಅತಿಯಾದರೆ ಅದೇ ನರಕ್ಕೆ ಪೆಟ್ಟು ಕೊಡುತ್ತದೆ. ಎರಡು ಮೂರು ಬ್ರಾಂಡ್ ಒಟ್ಟಿಗೆ ವರ್ಷಗಟ್ಟಲೆ ನುಂಗುವವರನ್ನು ನಾನು ನೋಡಿದ್ದೇನೆ.

ಫಿಸಿಯೋಥೆರಪಿ: ನನ್ನ ಮನಸ್ಸು ಇದರ ಕಡೆಗೆ

ಕೈರೋಪ್ರಾಕ್ಟಿಕ್ಕಿಗೂ ಫಿಸಿಯೋಗೂ ನಡುವೆ ಒಂದನ್ನೇ ಆರಿಸಬೇಕಾದರೆ, ನ್ಯೂರೋಪತಿಯವರಿಗೆ ನಾನು ಫಿಸಿಯೋ ಎನ್ನುತ್ತೇನೆ. ಕಾರಣ ಸರಳ. ಇವರಿಗೆ ಉರಿಯಷ್ಟೇ ದೊಡ್ಡ ಅಪಾಯ ಬೀಳುವುದು. ಫಿಸಿಯೋದವರು ಮೈಯ ಹಿಡಿತ, ಕಣಕಾಲಿನ ಬಲ, ನಡಿಗೆ ತಿದ್ದುತ್ತಾರೆ. ಮೂಳೆ ಮುರಿದು ಮಲಗಿದರೆ ಅಲ್ಲಿಂದ ಎಲ್ಲವೂ ಇಳಿಮುಖ. ಜೊತೆಗೆ ನಡಿಗೆ, ವ್ಯಾಯಾಮ ಶುಗರನ್ನೂ ಇಳಿಸುತ್ತವೆ. ಕಲಿತದ್ದನ್ನು ಮನೆಯಲ್ಲೇ ಮಾಡಬಹುದು, ಪ್ರತಿ ವಾರ ದುಡ್ಡು ಕೊಡಬೇಕಿಲ್ಲ. ಬೆನ್ನಿನ ಬಿಗಿತಕ್ಕೂ ಅವರ ಹತ್ತಿರ ಕೈಚಿಕಿತ್ಸೆ ಇದೆ.

ದೊಡ್ಡಮ್ಮ ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂದೇ ಕಾಲಲ್ಲಿ ನಿಲ್ಲುವುದು, ಕುರ್ಚಿಯಿಂದ ಕೈ ಊರದೆ ಏಳುವುದು ಮಾಡುತ್ತಾರೆ. ಅನ್ನಕ್ಕೆ ನೀರು ಕುದಿಯುವಷ್ಟು ಹೊತ್ತು. ಪಾದದಲ್ಲಿ ಗಾಯ ಇದ್ದಾಗ ಮಾತ್ರ ನಡಿಗೆ ಬೇಡ. ಆಗ ಕೂತು ಮಾಡುವ ವ್ಯಾಯಾಮ.

ಉಳಿದವು, ಚುಟುಕಾಗಿ

ಎಣ್ಣೆ ತಿಕ್ಕುವುದು ಹಿತ ಕೊಡುತ್ತದೆ, ಮಾಡಿಸಿ. ಆದರೆ ಬಿಸಿ ಎಣ್ಣೆ, ಬಿಸಿ ಗಂಟು, ಬಿಸಿನೀರಿನ ಬಕೆಟ್ಟು ಬೇಡವೇ ಬೇಡ. ಸ್ಪರ್ಶ ಇಲ್ಲದ ಪಾದ ಸುಟ್ಟರೂ ಗೊತ್ತಾಗುವುದಿಲ್ಲ. ಬೆರಳುಗಳ ನಡುವೆ ಎಣ್ಣೆ ಉಳಿಸಬೇಡಿ.

ರೋಲರ್ ಇರುವ ಪಾದದ ಮಸಾಜ್ ಯಂತ್ರ ಬೊಬ್ಬೆ ಎಬ್ಬಿಸಬಹುದು. ಪಾದಕ್ಕೆ ಕಟ್ಟುವ ಇನ್‌ಫ್ರಾರೆಡ್ ಬೆಳಕಿನ ಯಂತ್ರವನ್ನು ಅಮೆರಿಕದಲ್ಲಿ ಸುಳ್ಳು ಯಂತ್ರದ ಜೊತೆ ಹೋಲಿಸಿ ನೋಡಿದ್ದಾರೆ. 2008ರಲ್ಲಿ ಅದರ ಫಲಿತಾಂಶ ಬಂತು: ಬೆಳಕು ಬರುವ ಯಂತ್ರ ಬೆಳಕು ಬರದ ಯಂತ್ರಕ್ಕಿಂತ ಹೆಚ್ಚೇನೂ ಮಾಡಲಿಲ್ಲ. ಟೆನ್ಸ್ ಎಂಬ ಸಣ್ಣ ಕರೆಂಟಿನ ಯಂತ್ರ ಕೆಲವರಿಗೆ ನೋವು ತಗ್ಗಿಸುತ್ತದೆ, ಫಿಸಿಯೋ ಹತ್ತಿರ ಒಮ್ಮೆ ಪರೀಕ್ಷಿಸಿ ನೋಡಿದ ಮೇಲೆ ಕೊಳ್ಳಿ. ಮೆಣಸಿನಕಾಯಿಯ ಖಾರದ ಸತ್ವದಿಂದ ಮಾಡಿದ ಕ್ಯಾಪ್ಸೈಸಿನ್ ಮುಲಾಮು ಮೊದಲು ಉರಿದು ಆಮೇಲೆ ನೋವು ತಗ್ಗಿಸುತ್ತದೆ. ಯಾವ ಔಷಧಕ್ಕೂ ಬಗ್ಗದ ಸಕ್ಕರೆ ಕಾಯಿಲೆಯ ನರದ ನೋವಿಗೆ, ಬೆನ್ನುಹುರಿಯ ಹತ್ತಿರ ಕೂರಿಸಿ ಸಣ್ಣ ಕರೆಂಟು ಕೊಡುವ ಸ್ಟಿಮ್ಯುಲೇಟರ್‌ಗೆ ಅಮೆರಿಕದ ಎಫ್‌ಡಿಎ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಆಪರೇಷನ್, ಕೊನೆಯ ದಾರಿ.

ಹಾಗಾದರೆ ನೀವು ಯಾವ ಕಡೆ ಹೋಗಬೇಕು?

ಎರಡೂ ಪಾದದಲ್ಲಿ ಉರಿ ಅಥವಾ ಜೋಮು ಇದ್ದರೆ ಮೊದಲು ವೈದ್ಯರು, ರಕ್ತ ಪರೀಕ್ಷೆ. ಕಾರಣ ಗೊತ್ತಾದ ಮೇಲೆ ಫಿಸಿಯೋ ಸೇರಿಸಿಕೊಳ್ಳಿ. ಬೆನ್ನು, ಸೊಂಟವೂ ಹಿಡಿದಿದ್ದರೆ, ಮೂಳೆ ಗಟ್ಟಿ ಇದೆ ಎಂದು ವೈದ್ಯರು ಹೇಳಿದರೆ, ಕೈರೋಪ್ರಾಕ್ಟರ್ ಹತ್ತಿರ ಬೆನ್ನಿಗಾಗಿ ಹೋಗಿ. ಪಾದ ವಾಸಿಯಾಗುತ್ತದೆ ಎಂದು ಹೋಗಬೇಡಿ.

ಒಂದೇ ಕಾಲಿಗೆ ಇಳಿಯುವ ಸೊಂಟದ ನೋವಾದರೆ, ಕಾಲಿನ ಬಲ ಕಡಿಮೆಯಾಗಿಲ್ಲದಿದ್ದರೆ, ಫಿಸಿಯೋ ಅಥವಾ ಕೈರೋಪ್ರಾಕ್ಟಿಕ್ ಎರಡರಲ್ಲಿ ನಿಮಗೆ ಹತ್ತಿರ ಇರುವ, ಓದಿರುವ, ನಂಬಿಕೆ ಬರುವ ಕೈಯನ್ನು ಆರಿಸಿ. ನಾಲ್ಕಾರು ವಾರದಲ್ಲಿ ವ್ಯತ್ಯಾಸ ಕಾಣದಿದ್ದರೆ ಅಲ್ಲಿಗೆ ನಿಲ್ಲಿಸಿ ವೈದ್ಯರನ್ನು ನೋಡಿ. ಕೀಮೋ ಆದವರು ಬೆನ್ನು ಒತ್ತಿಸುವ ಮುಂಚೆ ಕ್ಯಾನ್ಸರ್ ವೈದ್ಯರನ್ನು ಕೇಳಲೇಬೇಕು.

ಕೆಲವಕ್ಕೆ ಹೋಲಿಕೆಯೇ ಬೇಡ, ನೇರ ದೊಡ್ಡ ಆಸ್ಪತ್ರೆ. ಕೆಲವೇ ದಿನದಲ್ಲಿ ಕಾಲಿನಿಂದ ಮೇಲಕ್ಕೆ ಶಕ್ತಿ ಕುಂದುತ್ತಾ ಬಂದರೆ. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ. ಹೆಜ್ಜೆ ಎತ್ತಲಾಗದೆ ಪಾದ ಜೋತುಬಿದ್ದರೆ. ಪಾದ ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ, ನೋವಿಲ್ಲದಿದ್ದರೂ. ಕೊನೆಯದು ಶುಗರ್ ಇರುವವರಲ್ಲಿ ಪಾದದ ಮೂಳೆಗಳು ಕುಸಿಯುತ್ತಿರುವ ಗುರುತು ಇರಬಹುದು. ಅದನ್ನು ಉಳುಕು ಎಂದು ತಿಳಿದು ನೀವಿಸಲು ಹೋಗಬೇಡಿ.

ಕೈರೋಪ್ರಾಕ್ಟರ್ ಹತ್ತಿರ ಹೋಗುವವರು ಇಷ್ಟು ಕೇಳಿ. ನನ್ನ ಪಾದ ಪರೀಕ್ಷೆ ಮಾಡುತ್ತೀರಾ? ನನ್ನ ಮೂಳೆ ಸವೆದಿದ್ದರೆ ಮೆದುವಾಗಿ ಮಾಡುವ ಬೇರೆ ವಿಧಾನ ಇದೆಯಾ? ಫಲ ಸಿಗುತ್ತಿದೆಯೋ ಇಲ್ಲವೋ ಎಂದು ಹೇಗೆ ಅಳೆಯುತ್ತೀರಿ, ಯಾವಾಗ ನಿಲ್ಲಿಸುತ್ತೀರಿ? ಒಳ್ಳೆಯವರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಬೇಕಾದರೆ ಅವರೇ ನಿಮ್ಮನ್ನು ನರರೋಗ ತಜ್ಞರ ಹತ್ತಿರ ಕಳಿಸುತ್ತಾರೆ. ಶುಗರ್ ಮಾತ್ರೆ ನಿಲ್ಲಿಸಿ ಎನ್ನುವವರು, ಮುಂಗಡ ಪ್ಯಾಕೇಜ್ ಕಟ್ಟಿಸಿಕೊಳ್ಳುವವರು, ಗ್ಯಾರಂಟಿ ಕೊಡುವವರು ಇದ್ದಲ್ಲಿ ನಿಲ್ಲಬೇಡಿ.

ಉರಿ ತಾನಾಗಿ ಹೋದರೆ

ಇದನ್ನು ಎಲ್ಲರೂ ತಿಳಿಯಬೇಕು ಅನ್ನಿಸುತ್ತದೆ. ಯಾವ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದರೂ, ಉರಿ ಕಡಿಮೆಯಾಯಿತು ಎಂದ ಕೂಡಲೇ ವಾಸಿಯಾಯಿತು ಎಂದು ತಿಳಿಯಬೇಡಿ. ನರ ಪೂರ್ತಿ ಸತ್ತರೂ ಉರಿ ನಿಲ್ಲುತ್ತದೆ. ಹಾಗಾಗಿ "ಈಗ ಹೇಗಿದೆ?" ಎಂದು ಕೇಳಿದರೆ ಸಾಲದು. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಗಾಳದ ದಾರದ ಪರೀಕ್ಷೆ ಮತ್ತೆ ಆಗಬೇಕು. ಎಷ್ಟು ಜಾಗದಲ್ಲಿ ಗೊತ್ತಾಯಿತು ಎಂದು ಬರೆಸಿಟ್ಟುಕೊಳ್ಳಿ. ಚಿಕಿತ್ಸೆಯಿಂದ ಗುಣ ಸಿಕ್ಕಿತೋ ಇಲ್ಲವೋ ಎನ್ನಲು ಆ ಸಂಖ್ಯೆ ಬೇಕು.

ದೊಡ್ಡಮ್ಮನಿಗೆ ಬಿ12 ಇಂಜೆಕ್ಷನ್ ಶುರುವಾಗಿ, ರಾತ್ರಿ ಒಂದು ಮಾತ್ರೆ ಸೇರಿ, ನಾಲ್ಕು ತಿಂಗಳಲ್ಲಿ ನಿದ್ದೆ ಬಂತು. ಕಣಕಾಲಿನ ಹತ್ತಿರದ ಜೋಮು ಇಳಿಯಿತು. ಬೆರಳುಗಳ ಸ್ಪರ್ಶ ಮಾತ್ರ ಪೂರ್ತಿ ಬರಲಿಲ್ಲ. ಹೋದ ಬೇಸಿಗೆ ದೇವಸ್ಥಾನದಲ್ಲಿ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ, ಕಾದ ಕಲ್ಲಿಗೆ ಎರಡೂ ಪಾದ ಬೊಬ್ಬೆ ಎದ್ದಿದ್ದವು. ಅವರಿಗೆ ಗೊತ್ತಾಗಿದ್ದು ಸಂಜೆ, ಸೀರೆಯ ಅಂಚು ಒದ್ದೆಯಾದಾಗ.

ಈಗ ಅವರು ಮನೆಯೊಳಗೂ ಎಂಸಿಆರ್ ಚಪ್ಪಲಿ ಹಾಕುತ್ತಾರೆ. ಮೆತ್ತನೆಯ ಕಪ್ಪು ರಬ್ಬರಿನ ಅಟ್ಟೆ, ಹಿಂದೆ ಪಟ್ಟಿ ಇರುವುದರಿಂದ ಜಾರುವುದಿಲ್ಲ. ದೇವಸ್ಥಾನಕ್ಕೆ ಬೆಳಗ್ಗೆ ಏಳಕ್ಕೇ ಹೋಗಿ ಬರುತ್ತಾರೆ, ದಪ್ಪ ಸಾಕ್ಸ್ ಹಾಕಿಕೊಂಡು. ರಾತ್ರಿ ಮಲಗುವ ಮುಂಚೆ ನೆಲದ ಮೇಲೆ ಸಣ್ಣ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳುತ್ತಾರೆ. ಕಣ್ಣು ಮಂಜಾದ ದಿನ ಮೊಮ್ಮಗಳು ನೋಡಿ ಹೇಳುತ್ತಾಳೆ.